ಕುಂದಗೋಳದ ಸಾಧಕ ಸವಾಯಿ ಗಂಧರ್ವರು

1922ರಲ್ಲಿ ರೋಣದಲ್ಲಿ ಜನಿಸಿದ ಬಾಲಕನೊಬ್ಬನು ತನ್ನ ಹನ್ನೊಂದನೆಯ ವಯಸ್ಸಿನಲ್ಲಿ ಸಂಗೀತದ ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟನು. ಗ್ವಾಲಿಯರ್ ಮೊದಲಾದ ಊರುಗಳನ್ನು ಸುತ್ತಿ ಜಾಲಂಧರವನ್ನು ಸೇರಿದಾಗ, ವಿನಾಯಕರಾವ್ ಪಟವರ್ಧನರು ಆತನಿಗೆ ತಕ್ಕ ಗುರುವು ಆತನ ನಾಡಿನಲ್ಲಿಯೇ ಇರುವರೆಂದು ತಿಳಿಸಿ ಹಿಂದಕ್ಕೆ ಕಳುಹಿದರು. ಆ ಬಾಲಕನೇ ಭೀಮಸೇನ ಜೋಶಿ. ಆ ಗುರುವೇ ಕುಂದಗೋಳದ ರಾಮಭಾವು, ಲೋಕವು ಬಲ್ಲ ಸವಾಯಿ ಗಂಧರ್ವರು.

ರಾಮಭಾವು ಅವರು ಹುಟ್ಟಿದ್ದು 1886ರಲ್ಲಿ. ತಂದೆಯವರು ಕುಂದಗೋಳದ ನಾಡಗೇರ ಮನೆತನದಲ್ಲಿ ಕಾರಕೂನರಾಗಿದ್ದರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಗಾನವು ಈ ಹುಡುಗನ ಮನಸ್ಸನ್ನು ಸೆರೆಹಿಡಿಯಿತು. ಖಾನಸಾಹೇಬರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಆದರೆ ಗುರುವಿಗಿದ್ದ ಜೇನಿನಂಥ ಕಂಠವು ಶಿಷ್ಯನಿಗೆ ಹುಟ್ಟಿನಿಂದ ಬಂದುದಲ್ಲ. ರಾಮಭಾವು ಅವರದು ಸುಲಭವಾಗಿ ಮಣಿಯುವ ದನಿಯಾಗಿರಲಿಲ್ಲ. ಅದನ್ನು ದಿನದಿನವೂ ತಿದ್ದಿ ತೀಡಿ, ಸ್ವರದ ಮೇಲೆ ನಿಲ್ಲುವಂತೆ ಪಳಗಿಸಿಕೊಂಡರು. ಮುಂದೆ ಅವರು ಮರಾಠಿ ರಂಗಭೂಮಿಯನ್ನು ಸೇರಿ ಸ್ತ್ರೀಪಾತ್ರಗಳಲ್ಲಿ ಖ್ಯಾತರಾದರು. ‘ಸವಾಯಿ’ ಎಂದರೆ ಒಂದೂಕಾಲು. ಗಂಧರ್ವರಿಗಿಂತ ಕಾಲುಪಾಲು ಮಿಗಿಲೆಂಬ ಈ ಬಿರುದು, ಹುಟ್ಟು ಕಂಠದ ಸೊಗಸಿಗಿಂತ ಬೆವರಿಗೆ ಸಂದ ಮರ್ಯಾದೆಯೆಂದರೆ ತಪ್ಪಾಗದು.

ತಾವು ಬೆಳೆದ ದಾರಿಯಲ್ಲಿಯೇ ಅವರು ಶಿಷ್ಯರನ್ನೂ ನಡೆಸಿದರು. ಭೀಮಸೇನನು 1936ರ ಸುಮಾರಿಗೆ ಅವರ ಮನೆಗೆ ಬಂದಾಗ ಮೊದಲಿಗೆ ದೊರೆತದ್ದು ಪಾಠವಲ್ಲ, ಸೇವೆ. ನೀರು ಹೊರುವುದು, ಮನೆಗೆಲಸ ಮಾಡುವುದು, ಇತರರು ಹಾಡುವುದನ್ನು ಕಿವಿಗೊಟ್ಟು ಕೇಳುವುದು, ಇವೇ ಅವನ ದಿನಚರಿ. ಅನಂತರ ಪಾಠ ಮೊದಲಾದಾಗಲೂ ರಾಗಗಳ ರಾಶಿಯನ್ನು ಗುರುಗಳು ಸುರಿಯಲಿಲ್ಲ. ಮುಂಜಾನೆಗೆ ತೋಡಿ, ಇಳಿಹಗಲಿಗೆ ಮುಲ್ತಾನಿ, ಸಂಜೆಗೆ ಪೂರಿಯಾ. ವರ್ಷಗಳ ಕಾಲ ಈ ಮೂರೇ.

ಇದರ ಮರ್ಮವನ್ನು ಬಲ್ಲವರು ಬಲ್ಲರು. ತೋಡಿಗೂ ಮುಲ್ತಾನಿಗೂ ಸ್ವರಗಳು ಒಂದೇ. ಆದರೆ ಮುಲ್ತಾನಿಯ ಆರೋಹದಲ್ಲಿ ರಿಷಭ ಧೈವತಗಳಿಗೆ ಎಡೆಯಿಲ್ಲ. ಪೂರಿಯಾದಲ್ಲಿ ಪಂಚಮವೇ ಇಲ್ಲ. ಅವೇ ಸ್ವರಗಳನ್ನು ಬೇರೆ ನಡೆಯಲ್ಲಿ ನಡೆಸಿ ಬೇರೆ ಭಾವವನ್ನು ಹೊರಡಿಸುವ ವಿವೇಕ, ಆಸರೆಯ ಸ್ವರವಿಲ್ಲದೆಯೂ ನಿಲ್ಲುವ ಧೈರ್ಯ, ಇವೆರಡೂ ನಿತ್ಯದ ಸಾಧನೆಯಿಂದಲ್ಲದೆ ಕೈಗೂಡವು. ಮೂರು ರಾಗಗಳು ವಶವಾದರೆ ಉಳಿದವುಗಳ ಬಾಗಿಲು ತಾನಾಗಿ ತೆರೆಯುತ್ತದೆ.

ಗಂಗೂಬಾಯಿ ಹಾನಗಲ್ಲರ ಕಥೆಯೂ ಇಂಥದೇ. ಸಂಸಾರದ ಭಾರವನ್ನು ಹೊತ್ತುಕೊಂಡೇ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು, ಪಾಠವನ್ನು ಮುಗಿಸಿಕೊಂಡು ರಾತ್ರಿಗೆ ಮರಳುತ್ತಿದ್ದರು. ಗುರುಗಳು ಕೊಡುತ್ತಿದ್ದುದು ಕೆಲವೇ ಸ್ವರಗುಚ್ಛಗಳು. ಅವು ಕಂಠದಲ್ಲಿ ಊರುವವರೆಗೆ ಮುಂದಿನ ಹೆಜ್ಜೆಯಿಲ್ಲ.

ವಿಧಿಯ ಆಟವೇ ಬೇರೆ. ಇಷ್ಟು ಕಷ್ಟದಿಂದ ಕಟ್ಟಿದ ಆ ಕಂಠವನ್ನು 1940ರ ದಶಕದಲ್ಲಿ ಬಡಿದ ಪಾರ್ಶ್ವವಾಯುವು ಕಸಿದುಕೊಂಡಿತು. ಹಾಡುವುದಕ್ಕೆಂದೇ ಬದುಕನ್ನು ಸವೆಸಿದವರಿಗೆ ಇದಕ್ಕಿಂತ ದೊಡ್ಡ ನಷ್ಟವುಂಟೆ? 1952ರಲ್ಲಿ ಅವರು ಪುಣೆಯಲ್ಲಿ ತೀರಿಕೊಂಡರು. ಆದರೆ ಆ ವೇಳೆಗೆ ಅವರ ಸಾಧನೆಯು ಅವರೊಬ್ಬರದಾಗಿ ಉಳಿದಿರಲಿಲ್ಲ. ಗಂಗೂಬಾಯಿ, ಭೀಮಸೇನ, ಫಿರೋಜ್ ದಸ್ತೂರ್ ಮೊದಲಾದವರ ಕೊರಳುಗಳಲ್ಲಿ ಅದು ಮನೆಮಾಡಿತ್ತು. ಮರುವರ್ಷವೇ ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ ಆರಂಭವಾದ ಸಂಗೀತೋತ್ಸವವನ್ನು ಭೀಮಸೇನರು ದಶಕಗಳ ಕಾಲ ನಡೆಸಿದರು. ಆ ರೋಣದ ಹುಡುಗನಿಗೆ 2008ರಲ್ಲಿ ಭಾರತರತ್ನವು ಸಂದಿತು.

ಕಲೆಯು ಸ್ಫೂರ್ತಿಯ ಕೂಸೆಂದು ನಾವು ನಂಬುತ್ತೇವೆ. ಸ್ಫೂರ್ತಿಯು ಬಂದು ಹೋಗುವ ಅತಿಥಿ. ಮನೆಯನ್ನು ನಡೆಸುವುದು ಅಭ್ಯಾಸ. ಕುಂದಗೋಳದ ಮನೆಯಲ್ಲಿ ನಿತ್ಯವೂ ಮೂರು ಹೊತ್ತು ಎದ್ದ ಆ ಮೂರು ರಾಗಗಳು ಇದನ್ನೇ ಕಲಿಸುತ್ತವೆ.