ಹಿಂದಿರುಗಿದವರಿಗೆ ಬಾಗಿಲು ತೆರೆದ ದೊಡ್ಡಸ್ವಾಮಿ

ತಂದೆಯಾದ ದೇವರ ಕ್ಷಮೆ ಎಂದೊಡನೆ ನಮಗೆ ನೆನಪಾಗುವುದು ಸಂತ ಲೂಕನ ಶುಭಸಂದೇಶದ 15ನೇ ಅಧ್ಯಾಯದ ದುಂದುಗಾರ ಮಗ. ಅವನು ತಾನಾಗಿಯೇ ಮನೆ ಬಿಟ್ಟು ಹೋದವನು. ಆದರೆ ಮಗನನ್ನು ಮನೆಯಿಂದ ಬಲವಂತವಾಗಿ ಎಳೆದೊಯ್ದರೆ? ಪ್ರಾಣಭಯದಿಂದ ಅವನು ತಂದೆಯ ಹೆಸರನ್ನೇ ಬಿಟ್ಟುಕೊಟ್ಟು, ವರ್ಷಗಳ ನಂತರ ತಲೆ ತಗ್ಗಿಸಿ ಹಿಂದಿರುಗಿದರೆ? ಇನ್ನೂರು ವರ್ಷಗಳ ಹಿಂದೆ ನಮ್ಮ ಕನ್ನಡ ನಾಡಿನಲ್ಲಿಯೇ ಈ ಪ್ರಶ್ನೆ ಎದ್ದಿತ್ತು. ಅದಕ್ಕೆ ತಮ್ಮ ಬಾಳಿನಿಂದ ಉತ್ತರ ಕೊಟ್ಟ ಗುರುವೊಬ್ಬರು ಹಾಸನದ ಹಳ್ಳಿಗಳಲ್ಲಿ ಓಡಾಡಿದವರು. ಅವರೇ ಫಾದರ್ ಜಾನ್ ಆಂತ್ವಾನ್ ದ್ಯುಬ್ವಾ. ಪುಸ್ತಕಗಳಲ್ಲಿ ಅವರು ಅಬ್ಬೆ ದುಬೋಯ್. ನಮ್ಮ ಹಿರಿಯರ ಬಾಯಲ್ಲಿ ದೊಡ್ಡಸ್ವಾಮಿಯವರು.

ಫ್ರಾನ್ಸಿನ ಆರ್ದೆಶ್ ಸೀಮೆಯಲ್ಲಿ 1760ರ ದಶಕದಲ್ಲಿ ಹುಟ್ಟಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದರು. ಅದೇ ವರ್ಷ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಅದು ಫ್ರೆಂಚ್ ಕ್ರಾಂತಿಯ ಕಾಲ. ಸರ್ಕಾರ ಹೇಳಿದಂತೆ ಪ್ರಮಾಣ ಮಾಡದ ಗುರುಗಳಿಗೆ ಸೆರೆ, ಗಡೀಪಾರು, ಕೆಲವರಿಗೆ ಮರಣ. ಹೆದರಿ ಪ್ರಮಾಣ ಮಾಡಿದವರೂ ಅನೇಕರಿದ್ದರು. ಭಯ ಮನುಷ್ಯನನ್ನು ಹೇಗೆ ಬಗ್ಗಿಸುತ್ತದೆ ಎಂಬುದು ಈ ಯುವಗುರುವಿಗೆ ತಾಯ್ನಾಡಿನಲ್ಲಿಯೇ ತಿಳಿದಿತ್ತು.

ಪುದುಚೇರಿ ಮಿಷನ್ನಿಗೆ ಸೇರಿದ ಅವರು ತಮಿಳು, ಕನ್ನಡ ನಾಡುಗಳ ಹಳ್ಳಿಗಳಲ್ಲಿ ಸಂಚರಿಸಿದರು. ಪೇಟ ಸುತ್ತಿ, ಇಲ್ಲಿನವರಂತೆ ಉಡುಪು ತೊಟ್ಟು, ಮಾಂಸಾಹಾರ ಬಿಟ್ಟು, ಜನರ ನಡುವೆ ಜನರಾಗಿ ಬಾಳಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದಕ್ಕೆ ಹದಿನೈದು ವರ್ಷಗಳ ಹಿಂದೆ, 1784ರಲ್ಲಿ, ಕೆನರಾ ಸೀಮೆಯ ಕಥೋಲಿಕರನ್ನು ಟಿಪ್ಪು ಸುಲ್ತಾನರ ಆಡಳಿತ ಸೆರೆಹಿಡಿದು ಮೈಸೂರು ನಾಡಿಗೆ ಸಾಗಿಸಿತ್ತು. ಅವರು ಇಂಗ್ಲಿಷರ ಪಕ್ಷದವರೆಂಬ ಸಂಶಯ ಅದಕ್ಕೆ ಕಾರಣವಾಗಿತ್ತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಉಳಿದವರಲ್ಲಿ ಅನೇಕರು ಬಲವಂತಕ್ಕೆ ಮಣಿದು ಮತ ಬಿಟ್ಟಿದ್ದರು. ಚದುರಿಹೋಗಿದ್ದ ಈ ಮಂದೆಯನ್ನು ಒಟ್ಟುಗೂಡಿಸಲು ಕರೆ ಬಂದದ್ದು ದ್ಯುಬ್ವಾ ಅವರಿಗೆ.

ಪ್ರಿಯ ಓದುಗರೇ, ಆ ಜನರ ಮನಸ್ಸನ್ನು ಊಹಿಸಿಕೊಳ್ಳಿ. ಗುರುಗಳಿಲ್ಲ, ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ನಾವು ದೇವರನ್ನು ಬಿಟ್ಟವರು, ದೇವರು ನಮ್ಮನ್ನು ಬಿಟ್ಟಿರಬೇಕು ಎಂಬ ಅಳುಕು. ಧರ್ಮಸಭೆಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸ್ಸನ ಹಿಂಸೆಗೆ ಹೆದರಿ ವಿಗ್ರಹಗಳಿಗೆ ಬಲಿಯಿತ್ತ ಕ್ರೈಸ್ತರು ಅಳುತ್ತಾ ಹಿಂದಿರುಗಿದಾಗ, ಅವರನ್ನು ಸೇರಿಸಲೇಕೂಡದೆಂದು ನೊವಾಶಿಯನ್ ಹಟ ಹಿಡಿದ. ಜಗದ್ಗುರು ಸಂತ ಕೊರ್ನೇಲಿಯುಸರೂ ಕಾರ್ತೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರೂ ಅದನ್ನು ಒಪ್ಪಲಿಲ್ಲ. ಪಶ್ಚಾತ್ತಾಪಪಟ್ಟವರಿಗೆ ಪ್ರಾಯಶ್ಚಿತ್ತ ವಿಧಿಸಿ ಬಾಗಿಲು ತೆರೆದರು. ದ್ಯುಬ್ವಾ ಸ್ವಾಮಿಗಳು ನಡೆದದ್ದೂ ಅದೇ ಹಾದಿಯಲ್ಲಿ. ಹಿಂದಿರುಗಿ ಬಂದವರನ್ನು ಅವರು ಧರ್ಮಸಭೆಗೆ ಮರಳಿ ಸೇರಿಸಿಕೊಂಡರು.

ಕ್ಷಮಿಸಿ ಕಳುಹಿಸಿದರೆ ಸಾಲದು, ಜನ ಬದುಕಬೇಕಲ್ಲ! ಅದಕ್ಕಾಗಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಕಟ್ಟಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಳ್ಳಿ. ನೇಗಿಲು ಹಿಡಿದ ಕ್ರೈಸ್ತ ಕುಟುಂಬಗಳು ಅಲ್ಲಿನ ಹಳ್ಳಿಗಳಲ್ಲಿ ನೆಲೆಯೂರಿದವು. ಸಿಡುಬು ಊರೂರನ್ನೇ ಖಾಲಿ ಮಾಡುತ್ತಿದ್ದ ಆ ದಿನಗಳಲ್ಲಿ, ಜೆನ್ನರ್ ಕಂಡುಹಿಡಿದ ಲಸಿಕೆಯನ್ನು ಅವರು ಜಾತಿಮತ ನೋಡದೆ ಹಾಕಿಸಿದರು. 1803–04ರಲ್ಲಿ ಅವರ ಉಸ್ತುವಾರಿಯಲ್ಲಿ ಲಸಿಕೆ ಪಡೆದವರ ಸಂಖ್ಯೆ 25,432. ತಂದೆಯ ಪ್ರೀತಿ ಕ್ರೈಸ್ತರಿಗಷ್ಟೇ ಮೀಸಲಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಅವರು ಕುಂದಿಲ್ಲದ ಮನುಷ್ಯರೇನಲ್ಲ. ಭಾರತೀಯರ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥವನ್ನು ಈಸ್ಟ್ ಇಂಡಿಯಾ ಕಂಪೆನಿ ಕೊಂಡುಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗುವಂತೆ ಮಾಡಿತು. ಅದರ ಬಹುಭಾಗ ಪುದುಚೇರಿಯ ಜೆಸ್ವಿಟ್ ಗುರು ಕೂರ್ದೂ ಅವರ ಹಳೆಯ ಬರಹವನ್ನು ಆಧರಿಸಿದ್ದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ದ್ಯುಬ್ವಾ ಆ ಋಣವನ್ನು ಹೇಳಿರಲಿಲ್ಲ. ಹಿಂದೂಗಳ ಬಗ್ಗೆ ಅವರು ಬರೆದ ಮಾತುಗಳಲ್ಲಿ ಕೆಲವು ಇಂದು ಕಟುವೆನಿಸುತ್ತವೆ. ಇತರರಿಗೆ ಕ್ಷಮೆ ಸಾರಿದವರಿಗೂ ಕ್ಷಮೆ ಬೇಕು.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಮನಸ್ಸಿನಲ್ಲಿ ನಿರಾಶೆ ತುಂಬಿತ್ತು. ಮೂವತ್ತು ವರ್ಷ ದುಡಿದರೂ ಫಲ ಅಲ್ಪವೆಂದೂ, ಈ ನಾಡಿನಲ್ಲಿ ಕ್ರೈಸ್ತ ಧರ್ಮ ಬೇರೂರುವುದು ಅಸಾಧ್ಯವೆಂದೂ ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ಬರೆದರು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿ 1836ರಿಂದ 1839ರವರೆಗೆ ಸೇವೆ ಸಲ್ಲಿಸಿ, 1848ರ ಫೆಬ್ರವರಿ 17ರಂದು ಪ್ರಭುವಿನಲ್ಲಿ ನಿದ್ರಿಸಿದರು. ಭಾರತಕ್ಕೆ ಮತ್ತೆ ಬರಲೇ ಇಲ್ಲ.

ಅವರು ಸೋಲೆಂದು ಬಗೆದದ್ದು ನಿಜವಾಗಿ ಸೋಲೇ? ಅವರು ಹೋದ ದಶಕಗಳ ನಂತರ ಫ್ರೆಂಚ್ ಗುರುಗಳು ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ದೇವಾಲಯ ಕಟ್ಟಿದರು. ಅದನ್ನು ದೊಡ್ಡಸ್ವಾಮಿಯವರೇ ಕಟ್ಟಿಸಿದರೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಎದ್ದ ಮೇಲೆ ಆ ದೇವಾಲಯ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ಊರವರು ಬೇರೆಡೆ ನೆಲೆಸಿದರು. ವಿಶ್ವಾಸವನ್ನು ಜೊತೆಗೇ ಒಯ್ದರು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದಾಗ ಹಾಸನ ಜಿಲ್ಲೆಯ ಧರ್ಮಕೇಂದ್ರಗಳು ಅದರ ಭಾಗವಾದವು. ಬೇರೂರದು ಎಂದು ಅವರು ನಂಬಿದ್ದ ಸಸಿ ಬೇರೂರಿತ್ತು. ಬಿತ್ತುವವನ ಲೆಕ್ಕವೇ ಬೇರೆ, ತಂದೆಯ ಲೆಕ್ಕವೇ ಬೇರೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಕುಟುಂಬಗಳಲ್ಲಿಯೂ ದೂರವಾದವರಿರಬಹುದು. ಜಗಳವಾಡಿ ಮನೆ ಬಿಟ್ಟ ಮಗ, ತಂದೆತಾಯಿಗೆ ಒಪ್ಪಿಗೆಯಾಗದ ಮದುವೆಯಾದ ಮಗಳು, ಆಸ್ತಿಯ ವ್ಯಾಜ್ಯದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು, ವರ್ಷಗಳಿಂದ ಪಾಪನಿವೇದನೆಗೆ ಹೋಗದೆ ದೇವಾಲಯದ ಹೊರಗೇ ನಿಂತವರು. ಅವರು ಒಂದು ದಿನ ಬಂದರೆ ನಾವು ಮೊದಲು ಕೇಳುವುದೇನು? ಇಷ್ಟು ದಿನ ಎಲ್ಲಿದ್ದೆ ಎಂದೇ? ಊಟವಾಯಿತೇ ಎಂದೇ? ಮಗ ಇನ್ನೂ ದೂರದಲ್ಲಿರುವಾಗಲೇ ಓಡಿಹೋಗಿ ಅಪ್ಪಿಕೊಂಡ ತಂದೆ, ಲೆಕ್ಕ ಕೇಳಲಿಲ್ಲ, ಔತಣಕ್ಕೆ ಸಿದ್ಧಮಾಡಿಸಿದ. ಆ ತಂದೆಯ ಮಕ್ಕಳು ನಾವು. ನಮ್ಮ ಮನೆಯ ಬಾಗಿಲೂ ತೆರೆದಿರಲಿ.