ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟ ತಾಯಿ: ಸಂತ ಜೀನ್ ಜುಗಾನ್

ಮನೆಗೆ ನೆಂಟರು ಬಂದಾಗ ಮಂಚವನ್ನು ಅವರಿಗೆ ಕೊಟ್ಟು, ನಾವು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುವುದು ನಮ್ಮ ಕುಟುಂಬಗಳಲ್ಲಿ ಹೊಸ ಸಂಗತಿಯೇನಲ್ಲ. ಆದರೆ ಅದು ಒಂದೆರಡು ರಾತ್ರಿಯ ಮಾತು. ರಕ್ತಸಂಬಂಧವಿಲ್ಲದ, ಕಣ್ಣು ಕಾಣದ ಒಬ್ಬ ಮುದುಕಿಗೆ ತನ್ನ ಹಾಸಿಗೆಯನ್ನು ಶಾಶ್ವತವಾಗಿ ಬಿಟ್ಟುಕೊಟ್ಟ ಮಹಿಳೆಯೊಬ್ಬರ ಜೀವನ ಇದು. ಅವರು ಶ್ರೀಮಂತರಲ್ಲ, ಹೆಚ್ಚು ಓದಿದವರೂ ಅಲ್ಲ. ಮನೆಗೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ 47 ವರ್ಷದ ಅವಿವಾಹಿತೆ. ಆ ಒಂದು ಹಾಸಿಗೆಯಿಂದ ಆರಂಭವಾದ ಸೇವೆ ಇಂದು ಸುಮಾರು 30 ದೇಶಗಳಲ್ಲಿ ಬಡ ವೃದ್ಧರಿಗೆ ಆಸರೆಯಾಗಿದೆ.

ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತ್ಯದ ಕಡಲ ತೀರದಲ್ಲಿ ಕಾಂಕಾಲ್ ಎಂಬ ಮೀನುಗಾರರ ಊರಿದೆ. ಜೀನ್ ಜುಗಾನ್ ಹುಟ್ಟಿದ್ದು ಅಲ್ಲಿ, 1792ರ ಅಕ್ಟೋಬರ್ 25ರಂದು. ಅದು ಫ್ರೆಂಚ್ ಕ್ರಾಂತಿಯ ಕಾಲ. ದೇವಾಲಯಗಳ ಬಾಗಿಲು ಮುಚ್ಚಿ, ಗುರುಗಳು ತಲೆಮರೆಸಿಕೊಳ್ಳಬೇಕಾಗಿ ಬಂದ ದಿನಗಳವು. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ಸಮುದ್ರಕ್ಕೆ ಹೋದ ತಂದೆ ಹಿಂದಿರುಗಲಿಲ್ಲ. ತಾಯಿ ಕೂಲಿ ನಾಲಿ ಮಾಡಿ ಮಕ್ಕಳನ್ನು ಸಾಕಿದರು. ಪ್ರಾರ್ಥನೆ, ಜಪಸರ, ಶ್ರದ್ಧೆ ಎಲ್ಲವನ್ನೂ ಜೀನ್ ಕಲಿತದ್ದು ಆ ಬಡ ಮನೆಯಲ್ಲೇ. ದನ ಕಾಯುತ್ತಾ, ನೂಲು ತೆಗೆಯುತ್ತಾ ಬೆಳೆದ ಹುಡುಗಿ 16ನೆಯ ವಯಸ್ಸಿಗೆ ಸಿರಿವಂತರ ಮನೆಯೊಂದರ ಅಡಿಗೆ ಕೆಲಸಕ್ಕೆ ಸೇರಿದಳು. ಆ ಮನೆಯೊಡತಿ ಬಡರೋಗಿಗಳನ್ನು ನೋಡಲು ಹೋಗುವಾಗ ಈಕೆಯನ್ನೂ ಕರೆದೊಯ್ಯುತ್ತಿದ್ದರು. ಬಡವರ ಮನೆಗೆ ಹೇಗೆ ಕಾಲಿಡಬೇಕು, ಅವರ ಮನ ನೋಯದಂತೆ ಹೇಗೆ ಕೊಡಬೇಕು ಎಂಬುದನ್ನು ಆಕೆ ಅಲ್ಲಿ ಕಂಡಳು. ನಾವಿಕನೊಬ್ಬ ಮದುವೆಯಾಗಲು ಕೇಳಿದಾಗ ಒಪ್ಪಲಿಲ್ಲ. ದೇವರು ತನ್ನನ್ನು ಬೇರೆ ಯಾವುದೋ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ ಎಂದಷ್ಟೇ ತಾಯಿಗೆ ತಿಳಿಸಿದಳು.

ಆ ಕೆಲಸ ಯಾವುದು ಎಂದು ತಿಳಿಯಲು ಅವರು ಕಾಯಬೇಕಾದದ್ದು ಎರಡು ದಶಕಕ್ಕೂ ಹೆಚ್ಚು ಕಾಲ! 25ನೆಯ ವಯಸ್ಸಿನಲ್ಲಿ ಸಮೀಪದ ಸೇಂಟ್ ಸರ್ವಾನ್ ಪಟ್ಟಣಕ್ಕೆ ಬಂದು ಆಸ್ಪತ್ರೆಯಲ್ಲಿ ದುಡಿದರು. ಆರೋಗ್ಯ ಕೆಟ್ಟಾಗ ದೈವಭಕ್ತೆಯೊಬ್ಬರ ಮನೆಯಲ್ಲಿ ಕೆಲಸಕ್ಕೆ ನಿಂತರು. ಇಬ್ಬರೂ ಸೇರಿ ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು, ಬಡವರನ್ನು ನೋಡಿಕೊಂಡರು. 1835ರಲ್ಲಿ ಆ ಮಹಿಳೆ ತೀರಿಕೊಂಡ ಮೇಲೆ ಜೀನ್, ಫ್ರಾನ್ಸ್ವಾಸ್ ಎಂಬ ವಯಸ್ಸಾದ ಗೆಳತಿ ಮತ್ತು ವರ್ಜಿನಿ ಎಂಬ 17 ವರ್ಷದ ಅನಾಥ ಹುಡುಗಿ ಒಂದು ಪುಟ್ಟ ಬಾಡಿಗೆ ಮನೆಯಲ್ಲಿ ಕೂಡಿ ಬಾಳತೊಡಗಿದರು.

1839ರ ಚಳಿಗಾಲ. ಆನ್ ಶೊವಾನ್ ಎಂಬ ಕುರುಡಿ, ಅಂಗ ಸ್ವಾಧೀನ ತಪ್ಪಿದ ಮುದುಕಿ, ನೋಡಿಕೊಳ್ಳುವವರಿಲ್ಲದೆ ಇದ್ದಾಳೆಂದು ಜೀನ್ ಅವರಿಗೆ ತಿಳಿಯಿತು. ಆಕೆಯನ್ನು ಹೊತ್ತು ಮೆಟ್ಟಿಲು ಹತ್ತಿಸಿ ಮನೆಗೆ ತಂದರು. ತಮ್ಮ ಹಾಸಿಗೆಯಲ್ಲಿ ಮಲಗಿಸಿ, ತಾವು ಅಟ್ಟದಲ್ಲಿ ಮಲಗಿದರು. ಸ್ವಲ್ಪ ದಿನಗಳಲ್ಲೇ ಎರಡನೆಯ ವೃದ್ಧೆ ಬಂದರು. ವರ್ಜಿನಿ ತನ್ನ ಹಾಸಿಗೆ ಬಿಟ್ಟುಕೊಟ್ಟಳು. ವರ್ಜಿನಿಯ ಗೆಳತಿ ಮರೀ ಜಾಮೆಯೂ ಸೇವೆಗೆ ಕೈಜೋಡಿಸಿದಳು.

ಹಗಲೆಲ್ಲ ಕೂಲಿ, ರಾತ್ರಿಯೆಲ್ಲ ಆರೈಕೆ. ಆದರೂ ಎಲ್ಲರ ಹೊಟ್ಟೆ ತುಂಬುವಂತಿರಲಿಲ್ಲ. ಆಶ್ರಯ ಪಡೆದ ವೃದ್ಧರಲ್ಲಿ ಹಲವರು ಅದುವರೆಗೆ ಬೀದಿಯಲ್ಲಿ ಭಿಕ್ಷೆ ಬೇಡಿ ಬದುಕಿದವರು. ಅವರನ್ನು ಮತ್ತೆ ಬೀದಿಗೆ ಕಳುಹಿಸಲು ಜೀನ್ ಅವರಿಗೆ ಮನಸ್ಸಾಗಲಿಲ್ಲ. ನಿಮಗೆ ಯಾವ ಯಾವ ಮನೆಯವರು ಕೊಡುತ್ತಿದ್ದರು ಎಂದು ಒಬ್ಬೊಬ್ಬರನ್ನೂ ಕೇಳಿ ತಿಳಿದುಕೊಂಡು, ಅದೇ ಮನೆಗಳ ಬಾಗಿಲಿಗೆ ತಾವೇ ಬುಟ್ಟಿ ಹಿಡಿದು ಹೊರಟರು. ವೃದ್ಧರ ಅವಮಾನವನ್ನು ತಮ್ಮ ಮೇಲೆ ಎಳೆದುಕೊಂಡರು. ದುಡಿದು ತಿಂದವರಿಗೆ ಕೈಚಾಚುವುದು ಸುಲಭವೇ? ಅವರಿಗೂ ಸುಲಭವಾಗಿರಲಿಲ್ಲ. ಒಮ್ಮೆ ಒಬ್ಬಾತ ಸಿಟ್ಟಿನಿಂದ ಕೆನ್ನೆಗೆ ಹೊಡೆದನಂತೆ. ಅವರು ಅವನಿಗೆ ವಂದಿಸಿ, ಈ ಏಟು ತನಗಾಯಿತು, ಇನ್ನು ತನ್ನ ಬಡವರಿಗೂ ಏನಾದರೂ ಕೊಡಿ ಎಂದು ಕೇಳಿದರೆಂದು ಹೇಳುತ್ತಾರೆ. ಹಣವೇ ಬೇಕೆಂದಿರಲಿಲ್ಲ. ಉಳಿದ ರೊಟ್ಟಿ, ತರಕಾರಿ, ಹಳೆಯ ಬಟ್ಟೆ, ಸೌದೆ ಯಾವುದನ್ನೂ ಬೇಡವೆನ್ನುತ್ತಿರಲಿಲ್ಲ. ಇತ್ತ ಮನೆಯಲ್ಲಿ ಕೈಲಾಗುವ ವೃದ್ಧರು ನೂಲು ತೆಗೆದು ತಮ್ಮ ಪಾಲನ್ನು ಸೇರಿಸುತ್ತಿದ್ದರು.

1841ರಲ್ಲಿ ಹನ್ನೆರಡು ಜನರಿಗೆ ಸಾಲುವ ಮನೆ ಬಾಡಿಗೆಗೆ ಸಿಕ್ಕಿತು. 1842ರಲ್ಲಿ ಕೈಯಲ್ಲಿ ಹಣವಿಲ್ಲದಿದ್ದರೂ ಹಳೆಯ ಕನ್ಯಾಮಠವೊಂದನ್ನೇ ಕೊಂಡುಕೊಂಡರು. ಸಂಗಾತಿಗಳು ಜೀನ್ ಅವರನ್ನು ಮುಖ್ಯಸ್ಥೆಯಾಗಿ ಆರಿಸಿದರು. ಬಡವರ ಪುಟ್ಟ ಸಹೋದರಿಯರು ಎಂದು ಈಗ ಕರೆಯಲ್ಪಡುವ ಸಭೆ ಬೆಳೆದದ್ದು ಹೀಗೆ.

1843ರ ಡಿಸೆಂಬರ್ 8ರಂದು ಸಹೋದರಿಯರು ಅವರನ್ನು ಪುನಃ ಆರಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ, 23ರಂದು, ಸಭೆಯ ಮಾರ್ಗದರ್ಶಿಯಾಗಿದ್ದ ಫಾದರ್ ಲೆ ಪೈಯರ್ ಆ ಆಯ್ಕೆಯನ್ನು ತಾವಾಗಿಯೇ ರದ್ದುಮಾಡಿ, 23 ವರ್ಷದ ಮರೀ ಜಾಮೆಯನ್ನು ಮುಖ್ಯಸ್ಥೆಯಾಗಿ ನೇಮಿಸಿದರು. ನಾಲ್ಕು ವರ್ಷ ಎಲ್ಲರನ್ನೂ ಸಾಕಿದ ಜೀನ್ ಅವರ ಪಾಲಿಗೆ ಉಳಿದದ್ದು ಭಿಕ್ಷೆಯ ಬುಟ್ಟಿ ಮಾತ್ರ. ಅವರು ಜಗಳವಾಡಲಿಲ್ಲ, ಬಣ ಕಟ್ಟಲಿಲ್ಲ, ವೃದ್ಧರನ್ನು ಬಿಟ್ಟು ಹೋಗಲೂ ಇಲ್ಲ. ಬುಟ್ಟಿ ಎತ್ತಿಕೊಂಡು ಎಂದಿನಂತೆ ಹೊರಟರು.

ಊರಿನ ಜನ ಮಾತ್ರ ಅವರನ್ನು ಮರೆಯಲಿಲ್ಲ. ಊರ ಪ್ರಮುಖರ ಮನವಿಯ ಮೇರೆಗೆ ಫ್ರೆಂಚ್ ಅಕಾಡೆಮಿ 1845ರಲ್ಲಿ ಅವರಿಗೆ 3000 ಫ್ರಾಂಕುಗಳ ಮೊಂತಿಯೋನ್ ಬಹುಮಾನ ನೀಡಿತು. ರೆನ್, ದಿನಾನ್, ಆಂಜೇ ಮುಂತಾದ ಪಟ್ಟಣಗಳಲ್ಲಿ ಮನೆಗಳು ತೆರೆದಾಗ ಬಾಗಿಲು ಬಾಗಿಲು ಅಲೆದು ನೆರವು ತಂದವರಲ್ಲಿ ಜೀನ್ ಮುಂದಿದ್ದರು. ಕೊನೆಗೆ 1852ರಲ್ಲಿ ಅದೂ ನಿಂತಿತು. ಅವರನ್ನು ಮಾತೃಮಠಕ್ಕೆ ಕರೆಸಿಕೊಂಡು, ಹೊರಗಿನ ಸಂಪರ್ಕ ಬಿಡಿಸಲಾಯಿತು. ಅಲ್ಲಿಂದ 27 ವರ್ಷ ಅವರು ಸಿಸ್ಟರ್ ಮೇರಿ ಆಫ್ ದ ಕ್ರಾಸ್ ಎಂಬ ಹೆಸರಿನಲ್ಲಿ ತರಬೇತಿಯ ಎಳೆಯ ಭಗಿನಿಯರ ನಡುವೆ ಬಾಳಿದರು. ತಮ್ಮ ಜೊತೆಯಲ್ಲಿ ಕೋಲೂರಿ ನಡೆಯುವ ಈ ಅಜ್ಜಿಯೇ ಸಭೆಯ ಸ್ಥಾಪಕಿ ಎಂಬುದು ಆ ಹುಡುಗಿಯರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಸ್ಥಾಪಕರೆಂಬ ಗೌರವ ಫಾದರ್ ಲೆ ಪೈಯರ್ ಅವರಿಗೆ ಸಲ್ಲುತ್ತಿತ್ತು.

1879ರ ಆಗಸ್ಟ್ 29ರಂದು, 86ನೆಯ ವಯಸ್ಸಿನಲ್ಲಿ, ಜೀನ್ ಪ್ರಭುವಿನ ಪಾದ ಸೇರಿದರು. ಅಷ್ಟು ಹೊತ್ತಿಗೆ ಸಭೆಯಲ್ಲಿ ಸುಮಾರು 2400 ಸಹೋದರಿಯರಿದ್ದರು. ಸತ್ಯ ಬಹುಕಾಲ ಮುಚ್ಚಿಡಲ್ಪಡಲಿಲ್ಲ. ರೋಮಿನ ವಿಚಾರಣೆಯ ನಂತರ 1890ರಲ್ಲಿ ಫಾದರ್ ಲೆ ಪೈಯರ್ ಅವರನ್ನು ಅಧಿಕಾರದಿಂದ ಬಿಡಿಸಲಾಯಿತು. ತಾನು ಸ್ಥಾಪಕಿಯಲ್ಲ, ಜೀನ್ ಜುಗಾನರೇ ಮೊದಲಿಗರು ಎಂದು ಮರೀ ಜಾಮೆಯವರೂ ತಮ್ಮ ಕೊನೆಗಾಲದಲ್ಲಿ ಒಪ್ಪಿಕೊಂಡರು. 1982ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಜೀನ್ ಅವರನ್ನು ಪುನೀತರ ಸಾಲಿಗೂ, 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರು ಸಂತರ ಸಾಲಿಗೂ ಸೇರಿಸಿದರು.

ಪ್ರಿಯ ವಾಚಕರೇ, ಈ ಸಭೆ 1882ರಲ್ಲೇ ಕಲ್ಕತ್ತೆಗೆ ಬಂದಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಇವರ ವೃದ್ಧಾಶ್ರಮವನ್ನು ನಮ್ಮಲ್ಲಿ ಅನೇಕರು ಬಲ್ಲರು. ಇಂದಿಗೂ ಈ ಸಹೋದರಿಯರು ದಾನಿಗಳು ಕೊಟ್ಟದ್ದರಲ್ಲೇ ವೃದ್ಧರನ್ನು ಸಾಕುತ್ತಾರೆ.

ನಮ್ಮ ಧರ್ಮಕೇಂದ್ರಗಳಲ್ಲೂ ಸದ್ದಿಲ್ಲದೆ ಸೇವೆ ಮಾಡುವ ತಾಯಂದಿರಿದ್ದಾರೆ. ಕೆಲಸ ಇವರದು, ಹೆಸರು ಇನ್ನೊಬ್ಬರದು ಎಂಬಂತೆ ಆಗುವುದೂ ಉಂಟು. ಅಂಥವರಿಗೆ ಸಲ್ಲಬೇಕಾದ ಗೌರವವನ್ನು ಬದುಕಿರುವಾಗಲೇ ಸಲ್ಲಿಸುವುದು ನಮ್ಮ ಕರ್ತವ್ಯ. ಜೀನ್ ಅವರಿಗಾದ ಅನ್ಯಾಯವನ್ನು ಒಳ್ಳೆಯದೆಂದು ಯಾರೂ ಹೇಳಲಾರರು. ಆದರೆ ತಮ್ಮ ಹೆಸರನ್ನು ಕಿತ್ತುಕೊಂಡಾಗಲೂ ಅವರು ವೃದ್ಧರ ಅನ್ನವನ್ನು ನಿಲ್ಲಗೊಡಲಿಲ್ಲ. ಆಗಸ್ಟ್ 30 ಅವರ ಹಬ್ಬದ ದಿನ. ಅಂದು ಮಕ್ಕಳನ್ನು ಕರೆದುಕೊಂಡು, ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಒಬ್ಬ ಅಜ್ಜಿಯ ಮನೆಗೆ ಹೋಗಿ ಬರೋಣವೇ?