ಡೇವಿಡ್ ಬೋವಿ

ಡೇವಿಡ್ ಬೋವಿ (ಜನ್ಮನಾಮ: ಡೇವಿಡ್ ರಾಬರ್ಟ್ ಜೋನ್ಸ್, 8 ಜನವರಿ 1947 – 10 ಜನವರಿ 2016) ಇಂಗ್ಲೆಂಡಿನ ರಾಕ್ ಗಾಯಕ, ಗೀತರಚನೆಕಾರ ಹಾಗೂ ನಟ. ಸುಮಾರು ಐದು ದಶಕಗಳ ವೃತ್ತಿಜೀವನದಲ್ಲಿ ವೇಷ ಮತ್ತು ಸಂಗೀತಶೈಲಿಗಳನ್ನು ಮತ್ತೆ ಮತ್ತೆ ಬದಲಿಸಿಕೊಂಡದ್ದಕ್ಕಾಗಿ ಇವರು ಪ್ರಸಿದ್ಧರು. ಯಶಸ್ಸು ತಂದ ರೂಪವನ್ನು ಅದು ಜನಪ್ರಿಯತೆಯ ತುದಿಯಲ್ಲಿರುವಾಗಲೇ ಕೈಬಿಡುವುದು ಇವರ ವೈಶಿಷ್ಟ್ಯವಾಗಿತ್ತು.

ಬಾಲ್ಯ

ಬೋವಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಜನಿಸಿ, ಬ್ರಾಮ್ಲಿಯಲ್ಲಿ ಬೆಳೆದರು. ತಂದೆ ಬರ್ನಾರ್ಡೋಸ್ ಎಂಬ ಮಕ್ಕಳ ಸೇವಾಸಂಸ್ಥೆಯಲ್ಲಿ ಉದ್ಯೋಗಿಯಾಗಿದ್ದರು. ಮಲ ಅಣ್ಣ ಟೆರಿ ಬರ್ನ್ಸ್ ಇವರಿಗೆ ಜಾಝ್ ಸಂಗೀತದ ರುಚಿ ಹತ್ತಿಸಿದರು. ಟೆರಿ ಮುಂದೆ ಸ್ಕಿಜೋಫ್ರೇನಿಯಾ ಕಾಯಿಲೆಗೆ ಒಳಗಾಗಿ, 1985ರಲ್ಲಿ ನಿಧನರಾದರು. ತಾಯಿಯ ಮನೆತನದಲ್ಲಿದ್ದ ಮನೋರೋಗವು ತಮಗೂ ಬರಬಹುದೆಂಬ ಭಯ ಬೋವಿಯವರನ್ನು ಕಾಡುತ್ತಿತ್ತು. ಒಡೆದ ವ್ಯಕ್ತಿತ್ವದ ವಿಷಯ ಅವರ ಹಾಡುಗಳಲ್ಲಿ ಹಲವು ಬಾರಿ ಬರುತ್ತದೆ.

1962ರಲ್ಲಿ ಶಾಲೆಯ ಗೆಳೆಯ ಜಾರ್ಜ್ ಅಂಡರ್‌ವುಡ್ ಜೊತೆ ನಡೆದ ಜಗಳದಲ್ಲಿ ಬಿದ್ದ ಏಟಿನಿಂದ ಇವರ ಎಡಗಣ್ಣಿನ ಪಾಪೆ ಶಾಶ್ವತವಾಗಿ ಹಿಗ್ಗಿತು. ಇದರಿಂದ ಎರಡು ಕಣ್ಣುಗಳೂ ಬೇರೆ ಬೇರೆ ಬಣ್ಣದವೆಂಬ ಭ್ರಮೆ ಹುಟ್ಟುತ್ತಿತ್ತು. ಅವರ ಗೆಳೆತನ ಮಾತ್ರ ಕೊನೆಯವರೆಗೂ ಉಳಿಯಿತು.

ಆರಂಭದ ವರ್ಷಗಳು

ಸ್ಯಾಕ್ಸೊಫೋನ್ ಕಲಿತ ಬೋವಿ ಹದಿಹರೆಯದಲ್ಲಿಯೇ ಹಲವು ತಂಡಗಳಲ್ಲಿ ಹಾಡಿದರು. ದಿ ಮಂಕೀಸ್ ತಂಡದ ಡೇವಿ ಜೋನ್ಸ್ ಅವರ ಹೆಸರಿನೊಂದಿಗೆ ಗೊಂದಲವಾಗದಿರಲೆಂದು ತಮ್ಮ ಹೆಸರನ್ನು ಬದಲಿಸಿಕೊಂಡರು. 1967ರ ಮೊದಲ ಆಲ್ಬಮ್ ಸೋತಿತು. ಆ ಬಳಿಕ ಲಿಂಡ್ಸೆ ಕೆಂಪ್ ಅವರಲ್ಲಿ ಮೂಕಾಭಿನಯ ಕಲಿತರು. ವೇಷ ಮತ್ತು ಅಂಗಭಂಗಿಗಳ ಮೂಲಕ ಪಾತ್ರವನ್ನು ಕಟ್ಟುವ ಈ ಶಿಕ್ಷಣವೇ ಅವರ ಮುಂದಿನ ಪ್ರದರ್ಶನಗಳಿಗೆ ಅಡಿಪಾಯವಾಯಿತು. ಬಾಹ್ಯಾಕಾಶದಲ್ಲಿ ಕಳೆದುಹೋಗುವ ಯಾತ್ರಿಯ ಕುರಿತಾದ ‘ಸ್ಪೇಸ್ ಆಡಿಟಿ’ 1969ರ ಜುಲೈನಲ್ಲಿ, ಅಪೊಲೊ 11 ಚಂದ್ರನನ್ನು ತಲುಪುವ ಕೆಲವೇ ದಿನಗಳ ಮೊದಲು ಬಿಡುಗಡೆಯಾಗಿ, ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು.

ಝಿಗ್ಗಿ ಸ್ಟಾರ್‌ಡಸ್ಟ್

1972ರಲ್ಲಿ ಬೋವಿ ಕೆಂಗೂದಲಿನ, ಗಂಡು ಹೆಣ್ಣುಗಳ ಗೆರೆಯನ್ನು ಅಳಿಸುವ ಉಡುಗೆಯ ಝಿಗ್ಗಿ ಸ್ಟಾರ್‌ಡಸ್ಟ್ ಎಂಬ ಕಾಲ್ಪನಿಕ ರಾಕ್ ತಾರೆಯನ್ನು ಸೃಷ್ಟಿಸಿದರು. ಗಿಟಾರ್ ವಾದಕ ಮಿಕ್ ರಾನ್ಸನ್ ಮತ್ತಿತರರಿದ್ದ ತಂಡದೊಂದಿಗೆ ನೀಡಿದ ಪ್ರದರ್ಶನಗಳು ಗ್ಲ್ಯಾಮ್ ರಾಕ್ ಶೈಲಿಯ ಮುಖ್ಯ ಘಟ್ಟವೆನಿಸಿವೆ. ಆದರೆ ಪಾತ್ರ ಮತ್ತು ಪಾತ್ರಧಾರಿಯ ನಡುವಿನ ಅಂತರ ಕರಗತೊಡಗಿತು. 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ, ತುಂಬಿದ ಸಭೆಯ ಮುಂದೆ ಇದು ಕೊನೆಯ ಪ್ರದರ್ಶನವೆಂದು ಘೋಷಿಸಿ, ಆ ಪಾತ್ರವನ್ನು ಮುಗಿಸಿದರು. ತಂಡದ ಕೆಲವು ಸದಸ್ಯರಿಗೂ ಇದು ಮೊದಲೇ ತಿಳಿದಿರಲಿಲ್ಲ.

ಅಮೆರಿಕ ಮತ್ತು ಬರ್ಲಿನ್

1975ರ ‘ಯಂಗ್ ಅಮೆರಿಕನ್ಸ್’ ಆಲ್ಬಮ್‌ನಲ್ಲಿ ಬೋವಿ ಕಪ್ಪು ಅಮೆರಿಕನ್ನರ ಸೋಲ್ ಸಂಗೀತದತ್ತ ತಿರುಗಿದರು. ಜಾನ್ ಲೆನನ್ ಜೊತೆ ರಚಿಸಿದ ‘ಫೇಮ್’ ಅಮೆರಿಕದಲ್ಲಿ ಅವರ ಮೊದಲ ಅಗ್ರಸ್ಥಾನದ ಹಾಡಾಯಿತು. ಇದೇ ಕಾಲದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೊಕೇನ್ ವ್ಯಸನ ಅವರ ದೇಹ ಮತ್ತು ಮನಸ್ಸುಗಳೆರಡನ್ನೂ ಹಾಳುಗೆಡವಿತು. ‘ಥಿನ್ ವೈಟ್ ಡ್ಯೂಕ್’ ಎಂಬ ಹೊಸ ಪಾತ್ರದ ದಿನಗಳಲ್ಲಿ ಫ್ಯಾಸಿಸಂ ಕುರಿತು ಆಡಿದ ಮಾತುಗಳು ತೀವ್ರ ಟೀಕೆಗೆ ಗುರಿಯಾದವು. ಮುಂದೆ ಅವರು ಅವುಗಳ ಬಗ್ಗೆ ವಿಷಾದ ವ್ಯಕ್ತಪಡಿಸಿದರು.

ವ್ಯಸನದಿಂದ ಪಾರಾಗಲು 1976ರಲ್ಲಿ ಗೆಳೆಯ ಇಗ್ಗಿ ಪಾಪ್ ಜೊತೆ ಪಶ್ಚಿಮ ಬರ್ಲಿನ್ನಿಗೆ ತೆರಳಿ, ಶೋನೆಬರ್ಗ್ ಬಡಾವಣೆಯ ಸಾಧಾರಣ ಮನೆಯೊಂದರಲ್ಲಿ ನೆಲೆಸಿದರು. ಬ್ರಯಾನ್ ಈನೊ ಮತ್ತು ಟೋನಿ ವಿಸ್ಕಾಂಟಿ ಅವರ ಸಹಯೋಗದಲ್ಲಿ ‘ಲೋ’ (1977), ‘ಹೀರೋಸ್’ (1977) ಮತ್ತು ‘ಲಾಡ್ಜರ್’ (1979) ಆಲ್ಬಮ್‌ಗಳು ರೂಪುಗೊಂಡವು. ‘ಹೀರೋಸ್’ ಬರ್ಲಿನ್ ಗೋಡೆಯ ಸಮೀಪವಿದ್ದ ಹಾನ್ಸಾ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡಿತು. 1987ರಲ್ಲಿ ಬೋವಿ ಗೋಡೆಯ ಬಳಿ ಹಾಡಿದಾಗ, ಪೂರ್ವ ಬರ್ಲಿನ್ನಿನ ಜನರೂ ಆಚೆ ಬದಿಯಲ್ಲಿ ಸೇರಿ ಕೇಳಿದರು.

ನಂತರದ ಜೀವನ

ನೈಲ್ ರಾಜರ್ಸ್ ಜೊತೆ ನಿರ್ಮಿಸಿದ ‘ಲೆಟ್ಸ್ ಡಾನ್ಸ್’ (1983) ಅವರ ಅತ್ಯಂತ ಹೆಚ್ಚು ಮಾರಾಟವಾದ ಆಲ್ಬಮ್. ಆದರೆ ಜನಸಮೂಹವನ್ನು ಮೆಚ್ಚಿಸುವ ಈ ಮಾರ್ಗ ತಮ್ಮ ಸೃಜನಶೀಲತೆಯನ್ನು ಬರಿದಾಗಿಸಿತೆಂದು ಅವರು ಭಾವಿಸಿ, 1988ರಲ್ಲಿ ಟಿನ್ ಮಷೀನ್ ತಂಡ ಕಟ್ಟಿ, ಅದರ ನಾಲ್ವರಲ್ಲಿ ಒಬ್ಬರಾಗಿ ದುಡಿದರು. 1992ರಲ್ಲಿ ಸೊಮಾಲಿಯಾ ಮೂಲದ ರೂಪದರ್ಶಿ ಇಮಾನ್ ಅವರನ್ನು ವಿವಾಹವಾದರು. ಏಂಜೆಲಾ ಬಾರ್ನೆಟ್ ಅವರೊಂದಿಗಿನ ಮೊದಲ ವಿವಾಹದಿಂದ ಜನಿಸಿದ ಡಂಕನ್ ಜೋನ್ಸ್ ಚಲನಚಿತ್ರ ನಿರ್ದೇಶಕರಾಗಿದ್ದಾರೆ. 2003ರಲ್ಲಿ ಬೋವಿ ಬ್ರಿಟನ್ನಿನ ನೈಟ್ ಪದವಿಯನ್ನು ನಿರಾಕರಿಸಿದರು. 2004ರಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೆ ಪ್ರವಾಸಗಳನ್ನು ನಿಲ್ಲಿಸಿದರು.

ನಿಧನ

ಯಕೃತ್ತಿನ ಕ್ಯಾನ್ಸರ್ ಇದೆಯೆಂದು ತಿಳಿದ ಮೇಲೆ ಬೋವಿ ಅದನ್ನು ಬಹಿರಂಗಪಡಿಸದೆ ‘ಬ್ಲ್ಯಾಕ್‌ಸ್ಟಾರ್’ ಆಲ್ಬಮ್ ರಚನೆಯಲ್ಲಿ ತೊಡಗಿದರು. ಜಾಝ್ ವಾದಕರೊಂದಿಗೆ ಸಿದ್ಧಗೊಂಡ ಈ ಕೃತಿ ಅವರ 69ನೇ ಜನ್ಮದಿನದಂದು ಬಿಡುಗಡೆಯಾಯಿತು. ಎರಡು ದಿನಗಳ ಬಳಿಕ ನ್ಯೂಯಾರ್ಕ್‌ನಲ್ಲಿ ನಿಧನರಾದರು. ಸಾವಿನ ಸುದ್ದಿಯ ನಂತರವೇ ಕೇಳುಗರು ಅದನ್ನು ವಿದಾಯವೆಂದು ಗುರುತಿಸಿದರು. ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಬೋವಿ ಅಗ್ರಸ್ಥಾನ ಪಡೆದದ್ದು ಇದೇ ಮೊದಲು. 2017ರಲ್ಲಿ ‘ಬ್ಲ್ಯಾಕ್‌ಸ್ಟಾರ್’ ಐದು ಗ್ರ್ಯಾಮಿ ಪ್ರಶಸ್ತಿಗಳನ್ನು ಗಳಿಸಿತು.